ಸುಣ್ಣದ ನಲವತ್ತೆರಡು ಗುರುತು

೧

ಈ ಕಥೆಯನ್ನು ಕ್ಯಾಮೆರಾದಿಂದ ಶುರು ಮಾಡೋಣವೆಂದರೆ ಅದು ಹೊಸದುರ್ಗದ ಬಸ್ಸಿನಲ್ಲಿ ಇನ್ನೂ ಬರುತ್ತಾ ಇದೆ. ಮಕ್ಕಳಿಂದ ಶುರು ಮಾಡಿದರೆ ನೀವು ಒಬ್ಬಳನ್ನು ಹಚ್ಚಿಕೊಂಡುಬಿಡುತ್ತೀರಿ, ಆಮೇಲೆ ನನ್ನನ್ನು ಬೈಯುತ್ತೀರಿ. ಅದಕ್ಕೇ ಸರ್ವಮಂಗಳ ಎಂಬ ಟೀಚರಿಂದ ಶುರು ಮಾಡುತ್ತೇನೆ. ೧೯೭೪ನೇ ಇಸವಿ, ಮತ್ತೋಡಿನಿಂದ ಆಚೆಗೊಂದು ಹಳ್ಳಿ. (ಊರಿನ ಹೆಸರು ಬರೆದರೆ ಅವಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ.)

೨

ಫೋಟೋ ದಿನ ಸುಸೂತ್ರವಾಗಿ ನಡೆಯಲೆಂದು ಸರ್ವಮಂಗಳ ವಾರವಿಡೀ ಒದ್ದಾಡಿದಳು. ಶಾಲೆಯ ಅಂಗಳದಲ್ಲಿ ಮಗುವಿಗೊಂದರಂತೆ ಸುಣ್ಣದ ನಲವತ್ತೆರಡು ದುಂಡು ಗುರುತು ಹಾಕಿದಳು. ಅದರ ಮೇಲೆ ನಿಲ್ಲುವುದು, ಉಸಿರು ಬಿಗಿಹಿಡಿಯುವುದು, ಎಲ್ಲದರ ರಿಹರ್ಸಲ್ ಆಯಿತು.

ಮಗಳ ಫೋಟೋಗೆ ಒಪ್ಪದೆ ಉಳಿದವಳು ಕುರಿ ಕಾಯುವವರ ಮನೆಯ ಗಿರಿಯಮ್ಮ ಒಬ್ಬಳೇ. ಅವಳ ಹಟ್ಟಿಗೆ ಫೋಟೋದವನು ಬರುತ್ತಿದ್ದದ್ದು ಯಾರಾದರೂ ಸತ್ತಾಗ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ತೆಗೆಸುತ್ತಿದ್ದರು. ಬದುಕಿರುವ ಮಗಳಿಗೆ ಅದೆಲ್ಲ ಯಾಕೆ ಎಂದಳು. ಸರ್ವಮಂಗಳ ಮೂರು ಸಲ ನಡೆದು ಹೋಗಿ ಒಪ್ಪಿಸಿದಳು.

"ನೀವೇ ಪಕ್ಕದಾಗೆ ನಿಂತ್ಕಳ್ರಿ ಟೀಚರಮ್ಮ. ಹೆದರ್ತಾಳೆ," ಎಂದಳು ಗಿರಿಯಮ್ಮ.

೩

ಫೋಟೋದ ಗಂಗಾಧರಪ್ಪ ಬಂದ. ಉಳಿದಿರುವ ಪ್ಲೇಟು ಒಂದೇ, ಬರುವುದು ಒಂದೇ ಫೋಟೋ, ಯಾರೂ ಅಲುಗಾಡಬಾರದು ಎಂದ. ಗಿರಿಯಮ್ಮನ ಮಗಳು ಏಕನಾಥಮ್ಮ ಎಣ್ಣೆ ಹಚ್ಚಿ ಬಾಚಿದ ತಲೆಗೆ ಹೊಸ ಟೇಪು ಕಟ್ಟಿಕೊಂಡು ಟೀಚರ ಪಕ್ಕ ಮುಂದಿನ ಸಾಲಿನಲ್ಲಿ ನಿಂತು ಕೆಮ್ಮುತ್ತಿದ್ದಳು. ತಿಂಗಳಿಂದ ಕೆಮ್ಮುತ್ತಿದ್ದಳು. ಗಂಗಾಧರಪ್ಪ ಕಪ್ಪು ಬಟ್ಟೆಯಿಂದ ಎರಡು ಸಲ ತಲೆ ಹೊರಗೆ ಹಾಕಿ ಗೊಣಗಿದ. ಮೂರನೇ ಸಲಕ್ಕೆ ಸರ್ವಮಂಗಳ ಹುಡುಗಿಯನ್ನು ಹೊಂಗೆಮರದ ಹಿಂದೆ ಸ್ವಲ್ಪ ಹೊತ್ತು ನಿಂತಿರು ಎಂದು ಕಳಿಸಿದಳು. ಹುಡುಗಿ ಹೋಗಿ ನಿಂತಳು. ಫೋಟೋ ಸುಸೂತ್ರವಾಗಿ ಆಯಿತು.

(ಇಲ್ಲಿಗೇ ಮುಗಿಸಿದ್ದರೆ ಪತ್ರಿಕೆಯವರು ಸಂತೋಷವಾಗಿ ಹಾಕಿಕೊಳ್ಳುತ್ತಿದ್ದರು.)

೩, ಮತ್ತೊಮ್ಮೆ

ಹರಿದುಹಾಕಿದ ಡ್ರಾಫ್ಟಿನಲ್ಲಿ ಸರ್ವಮಂಗಳ ಮನಸ್ಸು ತಡೆಯದೆ ಹುಡುಗಿಯನ್ನು ವಾಪಸ್ ಕರೆಯುತ್ತಾಳೆ. ಕೆಮ್ಮಿದರೆ ಕೆಮ್ಮಲಿ, ಮುಖ ಮಸುಕಾಗಿಯಾದರೂ ಬೀಳುತ್ತದೆ. ನನಗೆ ಅದು ಇಷ್ಟವಾಗಿತ್ತು. ಅವಳೇ ಬಂದು ಜಗಳ ತೆಗೆದಳು.

"ನಾನು ಕರೀಲಿಲ್ರಿ. ಕರೆದೆ ಅಂತ ಬರೀಬ್ಯಾಡ್ರಿ."

೫

(ನಾಲ್ಕನ್ನು ಬರೆಯಲಾಗಲಿಲ್ಲ. ಅದರಲ್ಲಿ ಏಕನಾಥಮ್ಮ ಸಾಯುತ್ತಾಳೆ. ಫೋಟೋ ಆಗಿ ಎಂಟು ವಾರಕ್ಕೆ, ಅದೇ ಕೆಮ್ಮು. ಗೋಡೆಗೆ ಒರಗಿಸಿ ಫೋಟೋ ತೆಗೆಸಲು ಗಿರಿಯಮ್ಮ ಬಿಡಲಿಲ್ಲ. ಇಸ್ಕೂಲಿಂದು ಐತಲ್ಲ ಅಂದಳಂತೆ.)

ತಿಥಿ ಮುಗಿಸಿ ಗಿರಿಯಮ್ಮ ಶಾಲೆಗೆ ಬಂದಳು. ಹೆಡ್‌ಮಾಸ್ಟರ ರೂಮಿನ ಗೋಡೆಯಲ್ಲಿದ್ದ ಫೋಟೋದ ಮೇಲೆ, ಹಿಂದಿನ ಸಾಲಿನಿಂದ ಒಂದೊಂದೇ ಮುಖಕ್ಕೆ ಬೆರಳಿಟ್ಟು ನೋಡುತ್ತಾ ಬಂದಳು. ಕೊನೆಗೆ ಬೆರಳು ಟೀಚರ ಪಕ್ಕಕ್ಕೆ ಬಂತು. ಅಲ್ಲಿ ನೆಲದ ಮೇಲೆ ಒಂದು ಬಿಳಿ ದುಂಡು ಮಾತ್ರ ಇತ್ತು. ಅದನ್ನು ಅಳಿಸಲು ಯಾರಿಗೂ ನೆನಪಾಗಿರಲಿಲ್ಲ.

"ನೀವು ಪಕ್ಕದಾಗೇ ನಿಂತೀರಲ್ಲ ಟೀಚರಮ್ಮ. ಇವಳೆಲ್ಲಿ?"

ಅಂತ್ಯ ಒಂದು: ಸರ್ವಮಂಗಳ ನಿಜ ಹೇಳುತ್ತಾಳೆ. ಅಂತ್ಯ ಎರಡು: ಹಿಂದಿನ ಸಾಲಿನಲ್ಲಿ ಅರ್ಧ ಮರೆಯಾದ ಯಾರದೋ ಮಗುವನ್ನು ತೋರಿಸಿ ಇವಳೇ ಎನ್ನುತ್ತಾಳೆ, ಗಿರಿಯಮ್ಮ ಆ ಮುಖವನ್ನು ಸೆರಗಿನಿಂದ ಒರೆಸುತ್ತಾಳೆ. ಎರಡನ್ನೂ ಬರೆದೆ, ಓದಿ ನಾಚಿಕೆಯಾಯಿತು, ಹರಿದೆ. ಏನು ಹೇಳಿದೆ ತಾಯಿ ಎಂದು ಸರ್ವಮಂಗಳಳನ್ನೇ ಕೇಳುತ್ತಿದ್ದೇನೆ.

ಗಿರಿಯಮ್ಮ ಬೆರಳು ತೆಗೆದಿಲ್ಲ. ಸರ್ವಮಂಗಳ ಉಸಿರು ಬಿಗಿಹಿಡಿದು, ಮಕ್ಕಳಿಗೆ ಕಲಿಸಿದ ಹಾಗೆಯೇ, ಅಲುಗಾಡದೆ ನಿಂತಿದ್ದಾಳೆ.