ನನ್ನ ವಾರಗಿತ್ತಿ ತೊಳೆಯುತ್ತಿದ್ದ ಓವನ್

ನನ್ನ ವಾರಗಿತ್ತಿ ತೀರಿಕೊಂಡ ಸುದ್ದಿ ಬಂದಾಗ ಓವನ್ನಿನಲ್ಲಿ ಬಾಳೆಹಣ್ಣಿನ ಕೇಕು ಬೇಯುತ್ತಿತ್ತು. ಅದನ್ನು ಅವಳಿಗಾಗಿಯೇ ಇಟ್ಟಿದ್ದೆ. ಮಗಳ ಮನೆಗೆ ಹೋಗಿದ್ದವಳು ಅಂದು ಸಂಜೆ ಹಿಂದಿರುಗಬೇಕಾಗಿತ್ತು. ಬೆಳಗಿನ ತಿಂಡಿ ಮುಗಿಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತವಳು ಹಾಗೆಯೇ ಕಣ್ಣು ಮುಚ್ಚಿದಳಂತೆ. ಮಗಳು ಫೋನಿನಲ್ಲಿ ಹೇಳಿದ್ದು ಇಷ್ಟೇ. ನನ್ನ ಮೈದುನ ಫೋನನ್ನು ಕಿವಿಯಿಂದ ತೆಗೆಯದೆ ಗೋಡೆಗೆ ಒರಗಿ ನಿಂತುಬಿಟ್ಟ. ನಾನು ಅವನ ತೋಳು ಹಿಡಿದುಕೊಂಡೆ. ಆ ಗಳಿಗೆಯಲ್ಲಿ ಕೇಕು ಯಾರಿಗೆ ನೆನಪಿರುತ್ತದೆ? ಹಿಟ್ಟು ಉಕ್ಕಿ, ಅಚ್ಚಿನಿಂದ ಹೊರಗೆ ಹರಿದು, ಸುಟ್ಟು ಕರಕಲಾಗಿ ಅಡಿಗೆಮನೆಯೆಲ್ಲ ಹೊಗೆ ತುಂಬಿದ ಮೇಲೆ ನನ್ನ ಸೊಸೆ ಓಡಿಹೋಗಿ ಪ್ಲಗ್ ಕಿತ್ತಳು. ಕರಕಲನ್ನು ಅಚ್ಚಿನ ಸಮೇತ ಹೊರಗೆ ಎಸೆದು, ಓವನ್ನಿನ ಬಾಗಿಲು ಮುಚ್ಚಿದಳು. ಮುಚ್ಚಿದ ಬಾಗಿಲು ಮುಚ್ಚಿಯೇ ಇತ್ತು.

ಓವನ್ ಎಂದರೆ ದೊಡ್ಡದೇನಲ್ಲ. ಅಡಿಗೆಕಟ್ಟೆಯ ಮೂಲೆಯಲ್ಲಿ, ನೀರಿನ ಹೂಜಿಯ ಪಕ್ಕ, ಮೊಣಕೈ ಊರುವಷ್ಟು ಜಾಗದಲ್ಲಿ ಕೂರುವ ಪುಟ್ಟ ಪೆಟ್ಟಿಗೆ. ಅದು ಮನೆಗೆ ಬಂದ ದಿನವೇ ನಾವಿಬ್ಬರೂ ಕೆಲಸ ಹಂಚಿಕೊಂಡೆವು. ಬೇಯಿಸುವುದು ನಾನು, ತೊಳೆಯುವುದು ಅವಳು. ನನ್ನ ಕೈಗೆ ಉಜ್ಜುವ ಕೆಲಸ ಕೊಟ್ಟರೆ ಪಾತ್ರೆಗೆ ಗೀರು, ಅವಳ ಕೈಗೆ ಹಿಟ್ಟು ಕೊಟ್ಟರೆ ಬ್ರೆಡ್ಡು ಇಟ್ಟಿಗೆ. ಇದು ನಮ್ಮಿಬ್ಬರಿಗೂ ಗೊತ್ತಿದ್ದ ಸತ್ಯ. ಶನಿವಾರ ಮಧ್ಯಾಹ್ನ ನಾನು ಪ್ರಾರ್ಥನೆಗೆ ಹೋಗುತ್ತಿದ್ದೆ. ಹಿಂದಿರುಗಿ ಬರುವಷ್ಟರಲ್ಲಿ ಓವನ್ ಅಂಗಡಿಯಿಂದ ಆಗತಾನೆ ತಂದಂತೆ ಹೊಳೆಯುತ್ತಿತ್ತು. ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. "ಹೇಗೆ ಮಾಡ್ತೀಯೇ?" ಎಂದು ಕೇಳಿದರೆ, "ಅಕ್ಕಾ, ನೀವು ಬೇಯಿಸೋದರ ಗುಟ್ಟು ನಾನು ಕೇಳ್ತೀನಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಸೀರೆಗಳು, ಕನ್ನಡಕ, ಕೈಗಡಿಯಾರ ಎಲ್ಲವೂ ಮಗಳ ಮನೆ ಸೇರಿದವು. ಅದು ಸರಿಯೇ. ಆದರೆ ಅವೆಲ್ಲ ಅವಳೊಬ್ಬಳವು. ನಮ್ಮಿಬ್ಬರದೂ ಎಂದು ಹೇಳಿಕೊಳ್ಳಲು ಮನೆಯಲ್ಲಿ ಉಳಿದದ್ದು ಆ ಓವನ್ ಒಂದೇ. ಅದಕ್ಕೇ ಒಂದು ಶನಿವಾರ ಬೆಳಗ್ಗೆ ಮೈದುನ ಕಾಫಿ ಲೋಟ ಕೆಳಗಿಡುತ್ತ ಹೇಳಿದ ಮಾತು ಕೇಳಿ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅವನ ಕಡೆ ತಿರುಗಿದೆ.

"ಅತ್ತಿಗೆ, ಸಂಜೆ ಗುಜರಿಯವನಿಗೆ ಬರೋಕೆ ಹೇಳಿದ್ದೀನಿ. ಆ ಓವನ್ ಕೊಟ್ಟುಬಿಡೋಣ."

"ಯಾಕಪ್ಪಾ? ಅದೇನು ನಿನ್ನ ದಾರಿಗೆ ಅಡ್ಡ ಬಂತಾ?"

"ಕೆಟ್ಟುಹೋಗಿದೆ. ಹೊಗೆ ಉಗುಳುತ್ತೆ. ಸುಮ್ಮನೆ ಜಾಗ ಹಿಡಿದುಕೊಂಡಿದೆ."

"ಉಪಯೋಗಿಸದೆ ಕೆಟ್ಟಿದೆ ಅಂತ ಹೇಗೆ ಹೇಳ್ತೀಯ?"

ಅವನು ಲೋಟದ ತಳ ನೋಡುತ್ತ ಕುಳಿತ. ಮೈದುನ ದರ್ಜಿ. ವಯಸ್ಸಾದರೂ ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಾನೆ. ಹೆಂಡತಿ ಹೋದ ಮೇಲೆ ಬಟ್ಟೆಗಳು ಹಾಗೆಯೇ ಗುಡ್ಡೆ ಬಿದ್ದಿದ್ದವು. ಊಟಕ್ಕೆ ಕೂತರೆ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದ. ಇನ್ನು ಅಡಿಗೆಮನೆಯ ಮಟ್ಟಿಗೆ ಹೇಳುವುದಾದರೆ, ತಾನು ಹುಟ್ಟಿದಾಗಿನಿಂದ ಅದರ ಹೊಸ್ತಿಲು ದಾಟಿದವನಲ್ಲ ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುವ ಗಂಡಸು.

ಕೊನೆಗೆ ಹೇಳಿದ: "ಸರಿ. ಸಂಜೆಯೊಳಗೆ ಹೊಗೆ ಇಲ್ಲದೆ ಉರಿದರೆ ಇರಲಿ. ಇಲ್ಲದಿದ್ದರೆ ಹೋಗಲಿ. ಆಮೇಲೆ ಮಾತಿಲ್ಲ."

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಭಯವಾಯಿತು. ಅಷ್ಟು ವರ್ಷ ಅದರಲ್ಲಿ ಬೇಯಿಸಿದವಳು ಒಮ್ಮೆಯಾದರೂ ಅದನ್ನು ಒರೆಸಿದ್ದೆನೇ?

ನನ್ನ ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಆ ದಿನ ಮಧ್ಯಾಹ್ನಕ್ಕೇ ರಜೆ. ಮಗ ಲಾರಿ ಓಡಿಸುತ್ತ ದೂರದ ದಾರಿಯಲ್ಲಿದ್ದ. ಅವಳು ಚಪ್ಪಲಿ ಬಿಡುವ ಮೊದಲೇ ನಾನು ಸೆರಗು ಬಿಗಿದು ಪಾತ್ರೆ ಉಜ್ಜುವ ಸ್ಟೀಲಿನ ನಾರು ಕೈಯಲ್ಲಿ ಹಿಡಿದು ನಿಂತಿದ್ದೆ.

"ಅಯ್ಯೋ ಅತ್ತೆ! ಯಾರ ಮೇಲೆ ಯುದ್ಧಕ್ಕೆ ಹೊರಟಿರಿ? ಪ್ರಾರ್ಥನೆಗೆ ಹೋಗಿಲ್ವಾ?"

"ದೇವರು ಇವತ್ತು ನನ್ನನ್ನ ಇಲ್ಲೇ ನೋಡ್ತಾನೆ. ಸಂಜೆಯೊಳಗೆ ಓವನ್ ತೊಳೆಯಬೇಕು, ನೀನು ಬಿಸಿನೀರು ಕಾಯಿಸು."

"ಕಾಯಿಸ್ತೀನಿ. ಮೊದಲು ಆ ಸ್ಟೀಲು ಕೆಳಗಿಡಿ. ಒಳಗಿನ ಮೈ ಗೀರಿದರೆ ಆಮೇಲೆ ಅಂಟಿದ್ದೆಲ್ಲ ಅಲ್ಲೇ ಕೂತುಕೊಳ್ಳುತ್ತೆ. ಚಿಕ್ಕತ್ತೆ ನೋಡಿದ್ರೆ ನಿಮ್ಮ ಕೈಗೇ ಹೊಡೀತಿದ್ರು."

ಓವನ್ನನ್ನು ಕಟ್ಟೆಯಿಂದ ನೆಲಕ್ಕಿಳಿಸಿ ಬಾಗಿಲು ತೆರೆದೆವು. ಒಳಗೆ ಕರಿ ಮೋಡದಂತೆ ಮಸಿ. ಜಾಲರಿಯನ್ನೂ, ಚೂರು ಬೀಳುವ ತಳದ ತಟ್ಟೆಯನ್ನೂ ಹೊರಗೆಳೆದು ಸೋಪು ಹಾಕಿದ ಬಿಸಿನೀರಿನಲ್ಲಿ ನೆನೆಯಲು ಬಿಟ್ಟೆವು. ಅಡಿಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಮುಖಕ್ಕೆ ಲೇಪ ಹಚ್ಚುವ ಹಾಗೆ ಒಳಗೋಡೆಗೆಲ್ಲ ಬಳಿದೆವು. ಮೇಲೆ ಕೆಳಗೆ ಕಾಯುವ ಸರಳುಗಳಿಗೆ ಮಾತ್ರ ತಾಗದಂತೆ ಸೊಸೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಳಿದಳು. ಸರಳು ಒದ್ದೆಯಾಗಬಾರದು, ಅದನ್ನು ಒಣ ಬಟ್ಟೆಯಿಂದ ಸವರಿದರೆ ಸಾಕು ಎಂದು ಹಿಂದೊಮ್ಮೆ ಅಂಗಡಿಯಲ್ಲಿ ಯಾರೋ ಗಿರಾಕಿ ಹೇಳಿದ್ದನ್ನು ಅವಳು ಕೇಳಿದ್ದಳು.

"ಔಷಧಿ ಅಂಗಡಿಗೆ ಓವನ್ನಿನ ಕಾಯಿಲೆಯವರೂ ಬರ್ತಾರಾ?" ಎಂದೆ.

"ಬರ್ತಾರೆ ಅತ್ತೆ. ಕೈ ಸುಟ್ಟುಕೊಂಡ ಮೇಲೆ."

ಅವಳು ನಕ್ಕಳು. ನನಗೂ ನಗು ಬಂತು. ಸಾವಿನ ಸುದ್ದಿ ಬಂದ ಮೇಲೆ ಆ ಅಡಿಗೆಮನೆಯಲ್ಲಿ ಕೇಳಿದ ಮೊದಲ ನಗು ಅದು. ನಾನು ಥಟ್ಟನೆ ಬಾಯಿ ಮುಚ್ಚಿಕೊಂಡೆ. ಸೊಸೆ ನನ್ನ ಕೈ ಕೆಳಗೆ ಎಳೆದಳು. "ನಗ್ರೀ ಅತ್ತೆ. ಚಿಕ್ಕತ್ತೆ ಏನು ಅಳುಬುರುಕಿ ಆಗಿದ್ರಾ?"

ಸೋಡಾ ಒಣಗುವವರೆಗೆ ಕಾದು, ಒದ್ದೆ ಬಟ್ಟೆಯಿಂದ ಒರೆಸಿದೆವು. ಮಸಿ ಸುಲಿದ ಸಿಪ್ಪೆಯಂತೆ ಬಂತು. ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹಾಕಿದೆವು. ಜಾಲರಿ ಬೆಳ್ಳಗಾಯಿತು. ಎಲ್ಲ ಒಣಗಿದ ಮೇಲೆ ಜೋಡಿಸಿ, ದೇವರನ್ನು ನೆನೆದು ಗುಂಡಿ ತಿರುಗಿಸಿದೆ. ಸರಳು ಕೆಂಪಗಾಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಗಲೇ ಬಾಗಿಲಿನ ಕೆಳಗಿನಿಂದ ನೂಲೆಳೆಯಷ್ಟು ಹೊಗೆ ಎದ್ದಿತು. ನೂಲು ಹಗ್ಗವಾಯಿತು.

ಸೊಸೆ ಪ್ಲಗ್ ಕಿತ್ತಳು. ಆ ಸುಟ್ಟ ವಾಸನೆ ನೇರವಾಗಿ ಆ ದಿನವನ್ನೇ ಎಳೆದು ತಂದು ನನ್ನ ಮುಂದೆ ನಿಲ್ಲಿಸಿತು. ನಾನು ಸ್ಟೂಲಿನ ಮೇಲೆ ಕುಸಿದು ಕುಳಿತೆ.

ಹೊಗೆಯ ವಾಸನೆ ಹಿಡಿದು ಮೈದುನ ಬಂದ. ಹೊಸ್ತಿಲಿನ ಆಚೆಯೇ ನಿಂತ. "ನಾನು ಹೇಳಲಿಲ್ವಾ?" ಎಂದ. ಗೆದ್ದವನ ದನಿ ಅದಾಗಿರಲಿಲ್ಲ.

ಸೊಸೆ ನೆಲದ ಮೇಲೆ ಮಂಡಿಯೂರಿ ಬಾಗಿಲನ್ನು ಬೆಳಕಿಗೆ ಹಿಡಿದು ನೋಡಿದಳು. "ಅತ್ತೆ, ಇಲ್ಲಿ ನೋಡಿ. ಬಾಗಿಲಿಗೆ ಗಾಜು ಒಂದಲ್ಲ, ಎರಡು. ಅವತ್ತು ಉಕ್ಕಿದ ಹಿಟ್ಟು ಮಧ್ಯಕ್ಕೆ ಇಳಿದು ಕೂತಿದೆ. ಹೊಗೆ ಅಲ್ಲಿಂದ."

ನಿಜ. ಎರಡು ಗಾಜುಗಳ ನಡುವೆ ಕಂದು ಬಣ್ಣದ ಹಿಟ್ಟು ನಕಾಶೆಯಂತೆ ಹರಡಿತ್ತು. ಹೊರಗಿನಿಂದ ಉಜ್ಜಿದರೂ ಒಳಗಿನಿಂದ ಉಜ್ಜಿದರೂ ಅದಕ್ಕೆ ಕೈ ತಾಗುವಂತಿರಲಿಲ್ಲ. ಹಾಗಾದರೆ ಅಷ್ಟು ವರ್ಷ ಅಲ್ಲಿ ಒಂದು ಕಲೆಯೂ ಇಲ್ಲದಂತೆ ಅವಳು ಹೇಗೆ ನೋಡಿಕೊಂಡಳು? ಬಾಗಿಲಿನ ಅಂಚಿನಲ್ಲಿ ಸಣ್ಣ ಸ್ಕ್ರೂಗಳಿದ್ದವು. ತರಕಾರಿ ಕೊಯ್ಯುವ ಚಾಕು ತೆಗೆದುಕೊಂಡು ಅದರ ತುದಿಯನ್ನು ಮೇಲಿನ ಸ್ಕ್ರೂಗೆ ಒತ್ತಿದೆ. ಚಾಕು ಜಾರಿತು. ಮತ್ತೆ ಒತ್ತಿದೆ.

"ಅತ್ತಿಗೆ, ಅದಲ್ಲ! ಮೇಲಿನದು ಮೊದಲು ಬಿಚ್ಚಬೇಡಿ!"

ಕೈ ನಿಂತಿತು.

"ಮೇಲಿನದು ಮೊದಲು ಬಿಚ್ಚಿದ್ರೆ ಗಾಜು ಕಾಲಮೇಲೆ ಬೀಳುತ್ತೆ. ಕೆಳಗಿನವು ಸಡಿಲಿಸಿ, ಬಾಗಿಲನ್ನ ಬಟ್ಟೆ ಮೇಲೆ ಮಲಗಿಸಿ, ಆಮೇಲೆ ಮೇಲಿನವು. ಚಾಕುವಿನಲ್ಲಿ ಮಾಡಿದ್ರೆ ತಲೆ ಸವೆದುಹೋಗುತ್ತೆ, ಜನ್ಮದಲ್ಲಿ ಬಿಚ್ಚೋಕಾಗಲ್ಲ…" ಮಾತಿನ ಭರದಲ್ಲಿ ಮೈದುನ ಹೊಸ್ತಿಲು ದಾಟಿ ಅಡಿಗೆಮನೆಯ ನಡುವೆ ಬಂದು ನಿಂತಿದ್ದ.

ಸೊಸೆ ನಿಧಾನವಾಗಿ ತಲೆ ಎತ್ತಿದಳು. "ಚಿಕ್ಕಮಾವ, ನಿಮಗೆ ಹೇಗೆ ಗೊತ್ತು?"

ಅವನು ಹಿಂದೆ ನೋಡಿದ. ಹೊಸ್ತಿಲು ದೂರವಿತ್ತು.

"ಏನಪ್ಪಾ," ಎಂದೆ ನಾನು, "ಅಡಿಗೆಮನೆ ಕಂಡೇ ಇಲ್ಲದವನು ನೀನು!"

"ಅವಳು ಹೇಳಬೇಡಿ ಅಂದಿದ್ಳು," ಎಂದ ಅವನು. ಪೆಟ್ಟಿಗೆಯಿಂದ ಮಿಠಾಯಿ ಕದ್ದು ಸಿಕ್ಕಿಬಿದ್ದ ಮಗುವಿನ ಮುಖ ಅವನದಾಗಿತ್ತು. "ಅಕ್ಕನಿಗೆ ಗೊತ್ತಾದ್ರೆ ನನ್ನ ಮರ್ಯಾದೆ ಹೋಗುತ್ತೆ ಅಂತಿದ್ಳು. ನನ್ನ ಮರ್ಯಾದೆಯೂ ಹೋಗುತ್ತೆ ಅಂತ ನಾನೂ ಸುಮ್ಮನಿದ್ದೆ. ನೀವು ಪ್ರಾರ್ಥನೆಗೆ ಹೊರಟ ಕೂಡಲೆ ಕರೆಯೋಳು. ಬಿಚ್ಚೋದು ನಾನು, ಉಜ್ಜೋದು ಅವಳು, ಜೋಡಿಸೋದು ಮತ್ತೆ ನಾನು. ಸ್ಕ್ರೂ ಬಿಚ್ಚೋಕೆ ಅವಳಿಗೆ ಬರ್ತಾನೇ ಇರಲಿಲ್ಲ ಅತ್ತಿಗೆ. ಎಡಕ್ಕೆ ತಿರುಗಿಸು ಅಂದ್ರೆ ಬಲಕ್ಕೆ ತಿರುಗಿಸೋಳು."

ಸೊಸೆ ನೆಲದ ಮೇಲೆ ಕೂತೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ. ನನ್ನ ವಾರಗಿತ್ತಿ ಎಷ್ಟು ಬಿಂಕದಿಂದ ಆ ಹೊಳೆಯುವ ಗಾಜಿನ ಮುಂದೆ ನಿಂತು ಹೊಗಳಿಕೆ ತೆಗೆದುಕೊಳ್ಳುತ್ತಿದ್ದಳು! ಗಂಡ ಮುಂದಿನ ಕೋಣೆಯಲ್ಲಿ ಏನೂ ಅರಿಯದವನಂತೆ ಸೂಜಿಗೆ ದಾರ ಪೋಣಿಸುತ್ತ ಕೂತಿರುತ್ತಿದ್ದ.

ನಗು ನಿಂತ ಮೇಲೆ ಕೇಳಿದೆ. "ಹಾಗಿದ್ರೆ ಅದನ್ನ ಗುಜರಿಗೆ ಹಾಕೋಕೆ ಯಾಕಪ್ಪಾ ಹೊರಟೆ?"

"ಶನಿವಾರ ಮಧ್ಯಾಹ್ನ ಆದ್ರೆ ನನಗೆ ಎಲ್ಲಿ ಕೂರಬೇಕು ಅಂತ ತಿಳಿಯೋಲ್ಲ ಅತ್ತಿಗೆ. ಈಗ ಕರೀತಾಳೆ, ಈಗ ಕರೀತಾಳೆ ಅಂತ ಕಿವಿ ಈ ಕಡೆಗೇ ಇರುತ್ತೆ. ಇದು ಇಲ್ಲಿ ಇರೋವರೆಗೂ ಹೀಗೇ ಅನ್ನಿಸ್ತು."

ದೊಡ್ಡ ಮಾತುಗಳು ಬಾಯಿಗೆ ಬಂದವು. ಅವನ್ನು ನುಂಗಿದೆ. "ನಾನು ಕರೀತಿದ್ದೀನಲ್ಲ," ಎಂದೆ. "ಬಾ. ಬಿಚ್ಚು."

ಅವನು ಹೋಗಿ ಹೊಲಿಗೆಯಂತ್ರದ ಪುಟ್ಟ ಸ್ಕ್ರೂಡ್ರೈವರನ್ನು ತಂದ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ. ಬಾಗಿಲನ್ನು ಹಳೆಯ ಟವೆಲಿನ ಮೇಲೆ ಮಲಗಿಸಿ, ಅಳತೆಯ ಬಟ್ಟೆ ಕತ್ತರಿಸುವಾಗಿನ ಎಚ್ಚರದಿಂದ ಒಂದೊಂದೇ ಸ್ಕ್ರೂ ತೆಗೆದು, ಕಳೆದುಹೋಗದಂತೆ ಟೀ ಬಟ್ಟಲಿಗೆ ಹಾಕಿದ. ಗಾಜು ಬೇರೆಯಾಯಿತು. ಸೊಸೆ ಅದರ ಮೇಲೆ ವಿನೆಗರ್ ಹನಿಸಿದಳು. ನಾನು ಉಜ್ಜಿದೆ.

"ಅತ್ತಿಗೆ, ಸುತ್ತಸುತ್ತ ಉಜ್ಜಬೇಡಿ. ಗೆರೆ ಉಳಿಯುತ್ತೆ. ಮೇಲಿನಿಂದ ಕೆಳಕ್ಕೆ."

"ಅವಳಿಗೂ ಹೀಗೇ ಹೇಳ್ತಿದ್ದೆಯಾ?"

"ಹೇಳ್ತಿದ್ದೆ. ಒದ್ದೆ ಬಟ್ಟೆ ನನ್ನ ಮುಖಕ್ಕೆ ಬರ್ತಿತ್ತು."

ಒದ್ದೆ ಬಟ್ಟೆ ಈ ಸಲವೂ ಅವನ ಮುಖಕ್ಕೇ ಹೋಯಿತು. ಎಸೆದವಳು ಸೊಸೆ. ಅವನು ಮುಖ ಒರೆಸಿಕೊಂಡು, ಸೂಜಿಯ ತುದಿಗೆ ಬಟ್ಟೆಯ ಚೂರು ಸಿಕ್ಕಿಸಿ, ಬಾಗಿಲಿನ ತಿರುಗಣಿಯ ಸಂದಿಯಲ್ಲಿ ಕೂತಿದ್ದ ಕರಕಲನ್ನು ಕೆದಕಿ ತೆಗೆದ. ಅಲ್ಲಿಯೂ ಹಿಟ್ಟು ಇದ್ದುದು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಜೋಡಿಸಿ, ಒಳಗೆ ಏನೂ ಇಡದೆ, ಕಿಟಕಿ ತೆರೆದು ಓವನ್ ಉರಿಸಿದೆವು. ಮೂವರೂ ಕುಕ್ಕರಗಾಲಿನಲ್ಲಿ ಅದರ ಮುಂದೆ ಕೂತೆವು. ಮೊದಲು ಸೋಪಿನ ಸಣ್ಣ ವಾಸನೆ ಬಂತು. ಅದೂ ಹೋಯಿತು. ಸರಳು ಕೆಂಪಾಗಿ, ಗಾಜಿನಲ್ಲಿ ನಮ್ಮ ಮೂರು ಮುಖಗಳು ಕೆಂಪಾಗಿ ಕಂಡವು. ಹೊಗೆ ಇಲ್ಲ.

"ಗುಜರೀ!" ಎಂದು ಬೀದಿಯಿಂದ ಕೂಗು ಬಂತು.

ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಮೈದುನ ಎದ್ದು ಹೋದ. ಬಾಗಿಲಲ್ಲಿ ಅವನ ದನಿ ಕೇಳಿಸಿತು. "ಓವನ್ನಾ? ಯಾವ ಓವನ್ನು? ನಾನು ಹಾಗೆ ಹೇಳಿದ್ನಾ? ತಲೆ ಕೆಟ್ಟಿತ್ತೇನೋ ಮಾರಾಯ. ಬಂದಿದ್ದೀಯಲ್ಲ, ಬರಿಗೈಲಿ ಹೋಗಬೇಡ, ನಿಲ್ಲು." ಆಮೇಲೆ ಮುಂದಿನ ಕೋಣೆಯಲ್ಲಿ ಧಡಬಡ ಸದ್ದಾಯಿತು. ಕಾಲು ಮುರಿದ ಇಸ್ತ್ರಿ ಮೇಜನ್ನು ಅವನು ಹೊರಗೆ ಎಳೆದುಕೊಂಡು ಹೋಗುತ್ತಿದ್ದ. ಅದನ್ನು ಎಸೆಯಿರಿ ಎಂದು ಅವನ ಹೆಂಡತಿ ಹೇಳಿ ಹೇಳಿ ಸೋತಿದ್ದಳು.

ನಾನು ಹಿಟ್ಟು ಜರಡಿ ಹಿಡಿದೆ. ಬಾಳೆಹಣ್ಣು ಹಿಸುಕಿದೆ. ಹೊಸ ಅಚ್ಚಿನಲ್ಲಿ, ಉಕ್ಕದಂತೆ ಅರ್ಧಕ್ಕೆ ತುಸು ಮೇಲೆ ಮಾತ್ರ ಹಿಟ್ಟು ಸುರಿದೆ. ಕೇಕು ಉಬ್ಬಿ ನೆತ್ತಿ ಕೆಂಪಾದಾಗ ಇಡೀ ಮನೆ ಸಿಹಿ ವಾಸನೆಯಿಂದ ತುಂಬಿತು. ಮೈದುನ ಬಿಸಿ ಆರುವವರೆಗೂ ಕಾಯಲಿಲ್ಲ. ಒಂದು ತುಂಡು, ಇನ್ನೊಂದು ತುಂಡು.

"ಸಿಹಿ ಜಾಸ್ತಿ," ಎಂದ.

"ಹಾಗಿದ್ರೆ ತಟ್ಟೆ ಕೊಡಿ ಚಿಕ್ಕಮಾವ."

"ಜಾಸ್ತಿ ಅಂದೆ, ಬೇಡ ಅಂದ್ನಾ?"

ಮೂರನೆಯ ತುಂಡನ್ನು ಅವನೇ ಕತ್ತರಿಸಿಕೊಂಡ. ಅವನು ಹೊಟ್ಟೆ ತುಂಬ ತಿನ್ನುವುದನ್ನು ನಾನು ನೋಡುತ್ತಿದ್ದಂತೆ ನನ್ನ ತುಂಡು ಆರಿಹೋಯಿತು. ತಿಂದು ಮುಗಿಸಿ ಅವನು ಓವನ್ನಿನ ಕಡೆ ಬೊಟ್ಟು ಮಾಡಿದ. "ಮುಂದಿನ ಶನಿವಾರ ನೀವು ಪ್ರಾರ್ಥನೆಗೆ ಹೋಗಿ ಅತ್ತಿಗೆ. ತೊಳೆಯೋದು ನನ್ನ ಪಾಲು. ನಿಮ್ಮ ಉಜ್ಜೋದು ನೋಡಿದೆ, ಅದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ."

ದೀಪ ಹಚ್ಚುವ ಹೊತ್ತಾಗಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ ಗರಗರನೆ ಶುರುವಾಯಿತು. ಸೊಸೆ ತಟ್ಟೆಗಳನ್ನು ಎತ್ತಿಕೊಂಡಳು. ನಾನು ಅಲ್ಲಿಯೇ ಕೈ ಮುಗಿದು ಕುಳಿತೆ.

ಭಗವಂತಾ, ನೀನು ಕೊಟ್ಟ ತಂಗಿಯನ್ನು ನೀನೇ ಕರೆದುಕೊಂಡೆ. ಯಾಕೆ ಎಂದು ಕೇಳುವಷ್ಟು ದೊಡ್ಡವಳು ನಾನಲ್ಲ. ಇಂದು ಈ ಮನೆಗೆ ನಗುವನ್ನು ಹಿಂದಕ್ಕೆ ಕೊಟ್ಟೆ, ಅದಕ್ಕೆ ನಿನ್ನ ಪಾದಕ್ಕೆ ನಮಸ್ಕಾರ. ನಾವು ಇಲ್ಲಿ ಚೆನ್ನಾಗಿದ್ದೇವೆಂದು ಅವಳಿಗೆ ತಿಳಿಸು. ದುಡಿದು ದಣಿದ ಜೀವ ಅದು, ನಿನ್ನ ನೆರಳಿನಲ್ಲಿ ಅವಳಿಗೆ ನಿಶ್ಚಿಂತೆಯ ವಿಶ್ರಾಂತಿ ಸಿಗಲಿ. ಅವಳ ಆತ್ಮಕ್ಕೆ ಶಾಂತಿ ಕೊಡು, ತಂದೆಯೇ, ಶಾಂತಿ ಕೊಡು.