ದೊರೆ ತಿನ್ನದ ಕಬ್ಬು

ಆ ಕಬ್ಬಿಗೆ ಬೇವಿನೆಣ್ಣೆ ಸವರಿದವಳು ನಾನೇ. ಬೇರೆ ಯಾರೂ ಅಲ್ಲ, ಈ ಕಮಲಮ್ಮಾಳ್, ಐವತ್ತೆರಡು ವರ್ಷದ ಕತ್ತೆ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ಎಷ್ಟು ಬೇಕಾದ್ರೂ ಬಯ್ಕೊಳ್ಳಿ.

ನಮ್ಮೂರು ಕಾಮಯಗೌಂಡನ್‌ಪಟ್ಟಿ. ಸುತ್ತ ದ್ರಾಕ್ಷಿ ತೋಟ, ಬೀದೀಲಿ ತಮಿಳು, ಒಲೆ ಮುಂದೆ ಕನ್ನಡ. ನಮ್ಮ ಕುಲಕ್ಕೆ ಅಂತ ಒಂದು ದೊಡ್ಡಿ ಇದೆ. ಅದರಲ್ಲಿ ದೇವರ ಹೆಸರಲ್ಲಿ ಬಿಟ್ಟ ಹಸುಗಳು, ಅವುಗಳ ಜೊತೆ ಒಂದು ಹೋರಿ. ಹೋರಿಯನ್ನ ನಾವು ದೊರೆ ಅಂತ ಕರೀತೀವಿ. ಒಂದು ದೊರೆ ಹೋದರೆ ಇನ್ನೊಂದು ಬರುತ್ತೆ, ಹೆಸರು ಅದೇ. ಹೊಸದಾಗಿ ಯಾರೇ ಮನೆಗೆ ಬರಲಿ, ಸೊಸೆಯಾಗಲಿ, ಸಾಕಿಕೊಂಡ ಕೂಸಾಗಲಿ, ಮಾಟ್ಟುಪ್ಪೊಂಗಲ್ ದಿನ, ಅಂದ್ರೆ ಸಂಕ್ರಾಂತಿ ಮಾರನೇ ದಿನದ ದನಗಳ ಹಬ್ಬದಲ್ಲಿ, ದೊಡ್ಡಿಗೆ ಹೋಗಿ ದೊರೆಗೆ ಕಬ್ಬು ಹಿಡೀಬೇಕು. ತಿಂದರೆ ನಮ್ಮವರು. ತಿನ್ನದಿದ್ದರೆ ಹೊಟ್ಟೆ ತುಂಬ ಊಟ ಹಾಕಿ ಕಳಿಸಿಬಿಡ್ತಾರೆ. ಮನುಷ್ಯ ಮೋಸ ಹೋಗಬಹುದು, ದೊರೆ ಹೋಗೋದಿಲ್ಲ ಅಂತ ಎಲ್ಲರ ನಂಬಿಕೆ.

ನಾನೂ ಹಾಗೆ ಬಂದವಳೇ. ಏಳು ವರ್ಷದವಳಿದ್ದಾಗ ಚಿನ್ನಮನೂರು ಬಸ್ ಸ್ಟ್ಯಾಂಡಲ್ಲಿ ನನ್ನನ್ನ ಯಾರೋ ಬಿಟ್ಟುಹೋದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಸಂತೆಗೆ ಬಂದಿದ್ದ ಪಾಪಮ್ಮಾಳ್ ಅವ್ವ ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಬಂದಳು. ನಾನು ಕಲಿತ ಮೊದಲ ಕನ್ನಡ ಮಾತು ‘ಉಣ್ಣು’. ದೊಡ್ಡಿಗೆ ಹೋದ ದಿನ ಆ ಕೊಂಬು ನೋಡಿ ಹೆದರಿ ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಬಿಟ್ಟಾಗ ಕಬ್ಬಿನ ತುದಿ ಇರಲಿಲ್ಲ, ಹಲ್ಲಿನ ಗುರುತಿತ್ತು. ಪಕ್ಕದಲ್ಲಿದ್ದ ಅವ್ವ ಅದನ್ನ ಎತ್ತಿ ಎಲ್ಲರಿಗೂ ತೋರಿಸಿ, “ತಿಂದಾತು, ನಮ್ಮವಳೇ” ಅಂದಳು. ಮುಂದೆ ಮದುವೆಯಾಗಿ ಹೋದೆ, ಗಂಡ ಸತ್ತ, ತಿರುಗಿ ಅವ್ವನ ಪಕ್ಕದ ಚಾಪೆಗೇ ಬಂದೆ.

ಹೀಗೆ ಬದುಕಿದವಳು ಮಾಡಿದ್ದೇನು ಕೇಳಿ.

ಪೊಂಗಲಿಗೆ ಇನ್ನೊಂದು ತಿಂಗಳಿದೆ ಅನ್ನುವಾಗ, ಒಂದು ಬೆಳಿಗ್ಗೆ ಬೆಟ್ಟದ ಮಂಜು ನಮ್ಮ ತೋಟದ ತನಕ ಇಳಿದಿತ್ತು. ಬಿಸಿಲೇರಿ ಮಂಜು ಎದ್ದು ಹೋದಾಗ ಚಪ್ಪರದ ಕೆಳಗೆ ಒಬ್ಬಳು ಹುಡುಗಿ ಉಳಿದಿದ್ದಳು. ಇಪ್ಪತ್ತರ ಆಸುಪಾಸು. ಮೈಯೆಲ್ಲ ಒದ್ದೆ. ಯಾವೂರಮ್ಮ ಅಂದರೆ ಮೇಲಕ್ಕೆ ಕೈ ತೋರಿಸಿದಳು. ಬೆಟ್ಟವಾ ಅಂದೆ. ಅಲ್ಲ, ಇನ್ನೂ ಮೇಲೆ ಅಂತ ಕೈ ಎತ್ತಿದಳು. ಮೋಡ ಅವಳನ್ನ ಬಿಟ್ಟು ಹೋಗಿತ್ತು.

ಅವ್ವನಿಗೆ ತೊಂಬತ್ತರ ಹತ್ತಿರ. ಬಾಯಲ್ಲಿ ಒಂದೂ ಹಲ್ಲಿಲ್ಲ, ಆದ್ರೂ ಬಾಯಿ ಸುಮ್ಮನಿರೋದಿಲ್ಲ. “ಅಯ್ಯೋ ನನ ಕಂದಾ, ನೆಗಡಿಯಾಗತ್ತಲ್ಲೇ!” ಅಂತ ಅವಳ ತಲೆ ಒರೆಸೋಕೆ ಕೂತಳು. ಮೂರು ಟವಲು ಹಿಂಡಿದರೂ ಕೂದಲು ಒಣಗಲಿಲ್ಲ. ಹುಡುಗಿ ನಡೆದ ಕಡೆಯೆಲ್ಲ ನೆಲದ ಮೇಲೆ ಒದ್ದೆ ಹೆಜ್ಜೆ. ಒಲೆ ಪಕ್ಕ ಕೂತರೆ ಮೈಯಿಂದ ಆವಿ ಏಳ್ತಿತ್ತು. ಅವ್ವ ಅವಳಿಗೆ ಮುತ್ತುಮಾರಿ ಅಂತ ಹೆಸರಿಟ್ಟಳು, ‘ಉಣ್ಣು’ ಅನ್ನೋದನ್ನ ಮೊದಲು ಕಲಿಸಿದಳು. ಎಂಟೇ ದಿನಕ್ಕೆ ಅವ್ವನ ಪಕ್ಕದ ಚಾಪೆ ಅವಳದಾಯ್ತು. ನನ್ನ ಚಾಪೆ ಗೋಡೆ ಕಡೆ ಹೋಯ್ತು.

ನನಗೆ ಹೊಟ್ಟೆ ಉರೀತು. ನಾಚಿಕೆಗೆಟ್ಟು ಹೇಳ್ತಿದೀನಿ. ಬಸ್ ಸ್ಟ್ಯಾಂಡಲ್ಲಿ ಬಿಟ್ಟುಹೋದವರ ಮೇಲೆ ಬರದ ಸಿಟ್ಟು ಈ ಪಾಪದ ಹುಡುಗಿ ಮೇಲೆ ಬಂತು.

ಊರಿನವರಿಗೆ ಬೇರೆ ಭಯ. ಕೊಯ್ಲಿನ ಹೊತ್ತಲ್ಲಿ ದ್ರಾಕ್ಷಿಗೆ ನೀರು ಬಿದ್ದರೆ ಹಣ್ಣು ಒಡೆದು ಹೋಗುತ್ತೆ, ವರ್ಷದ ಬೆವರು ಮಣ್ಣಾಗುತ್ತೆ. ಅಂಥ ತೋಟದಲ್ಲಿ ಮೋಡದ ಹುಡುಗಿಯನ್ನ ಇಟ್ಟುಕೊಳ್ಳೋದುಂಟಾ ಅಂತ ಗುಸುಗುಸು. ನಿಜ ಹೇಳಬೇಕಂದ್ರೆ, ಒಂದು ಮಧ್ಯಾಹ್ನ ಕಪ್ಪಗೆ ಮೋಡ ಕವಿದಾಗ ಅವಳೇ ಮೋಟಾರ್ ರೂಮಿನ ಮೇಲೆ ಹತ್ತಿ, ಕರು ಅಟ್ಟೋ ಹಾಗೆ ಹೋಯ್ ಹೋಯ್ ಅಂತ ಕೈಬೀಸಿ ಮೋಡವನ್ನ ಆಚೆ ಕಳಿಸಿದ್ದಳು. ನಮ್ಮೂರಲ್ಲಿ ಒಂದು ಗೊಂಚಲೂ ಒಡೀಲಿಲ್ಲ. ಅದನ್ನ ಕಣ್ಣಾರೆ ಕಂಡವಳು ನಾನೊಬ್ಬಳೇ. ಯಾರಿಗಾದ್ರೂ ಹೇಳಿದೆನಾ? ಹೇಳಲಿಲ್ಲ.

ಕೊನೆಗೆ ಕುಲದ ಹಿರಿಯ ಪಾಂಡಿಯರಾಜನ್ ಮಾವ, “ಜಗಳ ಯಾಕೆ? ದೊರೆ ಹೇಳಲಿ” ಅಂದರು.

ಮಾಟ್ಟುಪ್ಪೊಂಗಲ್ ಬೆಳಿಗ್ಗೆ ಕಬ್ಬು ಸಿಗಿದು ಸಿದ್ಧ ಮಾಡೋ ಕೆಲಸ ನನ್ನದು. ಬಳ್ಳಿಗೆ ಹೊಡೆಯೋ ಬೇವಿನೆಣ್ಣೆ ಕ್ಯಾನು ಅಲ್ಲೇ ಮೂಲೇಲಿತ್ತು. ಬಟ್ಟೆ ಅದ್ದಿ ಒಂದು ಸಲ ಸವರಿದೆ. ಸಾಲದು ಅಂತ ಇನ್ನೊಂದು ಸಲ.

ದೊರೆ ಬಂತು. ಮುತ್ತುಮಾರಿ ನಗ್ತಾ ಕಬ್ಬು ಹಿಡಿದಳು. ದೊರೆ ಮೂಸಿತು, ಬುಸ್ ಅಂತು, ಮುಖ ತಿರುಗಿಸಿ ಹೋಯ್ತು. ಜನ ಉಸಿರು ಬಿಟ್ಟರು. ಹುಡುಗಿ ತನ್ನ ಅಂಗೈ ಮೂಗಿಗೆ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಬಡಿಸಿದ್ದನ್ನ ಉಂಡು, ಅವ್ವನ ಕಾಲಿಗೆ ಬಿದ್ದು, ಬೆಟ್ಟದ ದಾರಿ ಹಿಡಿದಳು. ಅವಳ ಒದ್ದೆ ಹೆಜ್ಜೆ ಮಧ್ಯಾಹ್ನದೊಳಗೆ ಒಣಗಿಹೋಯ್ತು.

ಸಂಜೆ ಅವ್ವನ ಪಕ್ಕ ನನ್ನ ಚಾಪೆ ಹಾಸಿದೆ. ಅವ್ವ ಊಟ ಮುಟ್ಟಲಿಲ್ಲ. ಗಂಜಿ ಹಿಡಿದು ಬೇಡಿಕೊಂಡೆ, ಬೈದೆ, ಊಹೂಂ. ಕೊನೆಗೆ ಅವಳೇ ಬಾಯಿ ಬಿಟ್ಟಳು. “ಹಲ್ಲಿದ್ದಿದ್ರೆ ಇವಳದ್ದನ್ನೂ ನಾನೇ ಕಚ್ಚಿಬಿಡ್ತಿದ್ದೆ ಕಣೇ ಕಮಲಾ.”

“ಇವಳದ್ದನ್ನೂ ಅಂದ್ರೆ?”

“ನಿನ್ನದನ್ನ ಕಚ್ಚಿದ ಹಾಗೆ. ಅವತ್ತು ದೊರೆ ನಿನ್ನ ಕಬ್ಬು ಮೂಸಿಯೂ ನೋಡಲಿಲ್ಲ. ನೀನು ಕಣ್ಮುಚ್ಚಿದ್ದೆ. ಹಸು ಅಡ್ಡ ಇದ್ದವು, ಯಾರಿಗೂ ಕಾಣಲಿಲ್ಲ. ನಾನು ಬಗ್ಗಿ ಕಚ್ಚಿಬಿಟ್ಟೆ. ದೊರೆಗೇನು ಗೊತ್ತು, ನೀನು ಎಷ್ಟು ಹಸಿದಿದ್ದೆ ಅಂತ.”

ನಲವತ್ತೈದು ವರ್ಷ ಒಂದು ಕಬ್ಬಿನ ಮೇಲೆ ನಿಂತು ಮೆರೆದಿದ್ದೆ. ಅದು ಅವ್ವನ ಸುಳ್ಳು. ಆ ಸುಳ್ಳಲ್ಲಿ ಬದುಕಿದವಳು ಇನ್ನೊಬ್ಬಳ ನಿಜಕ್ಕೆ ಎಣ್ಣೆ ಸವರಿದ್ದೆ. ಥೂ ನನ್ನ ಜನ್ಮಕ್ಕೆ ಅಂತ ತಲೆ ಚಚ್ಚಿಕೊಂಡೆ. ಅವ್ವನ ಮುಂದೆ ಎಲ್ಲ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. “ಹೋಗಿ ಕರ್ಕೊಂಡು ಬಾ” ಅಂದಳು ಅಷ್ಟೇ.

ಬೆಳಕು ಹರಿಯೋ ಹೊತ್ತಿಗೆ ಬೆಟ್ಟದ ಬುಡದಲ್ಲಿದ್ದೆ. ಕಡೇ ತೋಟ ದಾಟಿದರೆ ಬರೀ ಮಂಜು. “ಮಾರೀ! ಮುತ್ತುಮಾರೀ!” ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಎಷ್ಟೋ ಹೊತ್ತಿನ ಮೇಲೆ ಮಂಜು ಗಟ್ಟಿಯಾಯ್ತು, ಅದರೊಳಗಿಂದ ಅವಳು ಬಂದಳು. ಅರ್ಧ ಮೈ ಆಗಲೇ ಹೊಗೆ ಹೊಗೆಯಾಗಿ ಕರಗಿತ್ತು.

“ಎಣ್ಣೆ ಸವರಿದ್ದು ನಾನು ಕಣಮ್ಮಾ” ಅಂದೆ.

“ಗೊತ್ತಕ್ಕಾ. ಕೈ ಮೂಸಿದೆನಲ್ಲ.”

“ಗೊತ್ತಿದ್ದೂ ಅಲ್ಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿನ್ನ ಓಡಿಸ್ತಿದ್ರು. ನನಗಾದ್ರೂ ಮೋಡ ಇದೆ. ನೀನೆಲ್ಲಿಗೆ ಹೋಗ್ತೀಯ?”

ಅಲ್ಲೇ ಕೆಸರಲ್ಲಿ ಕುಸಿದು ಕೂತೆ. ಅವ್ವ ಕಚ್ಚಿದ ಕಬ್ಬಿನ ಕತೆಯನ್ನೂ ಅವಳಿಗೆ ಹೇಳಿದೆ. ಅವಳು ತನ್ನ ಒದ್ದೆ ಸೆರಗಲ್ಲಿ ನನ್ನ ಮುಖ ಒರೆಸಿದಳು, ಇನ್ನಷ್ಟು ಒದ್ದೆಯಾಯ್ತು. “ಅವ್ವ ಉಂಡಿಲ್ಲ” ಅಂದೆ. ಆ ಮಾತಿಗೆ ಮಾತ್ರ ಗಾಬರಿಯಾಗಿ ನನ್ನ ಮುಂದೆ ಮುಂದೆ ಇಳಿದಳು.

ದೊಡ್ಡಿಗೆ ಜನ ಸೇರಿಸಿದೆ. ಅವ್ವನನ್ನ ಕುರ್ಚಿ ಸಮೇತ ಎತ್ಕೊಂಡು ಬಂದರು. ಪಾಂಡಿಯರಾಜನ್ ಮಾವನ ಮುಂದೆ ನಿಂತು ಬೇವಿನೆಣ್ಣೆ ವಿಷಯ ಹೇಳಿದೆ, ಮೋಡ ಅಟ್ಟಿದ್ದನ್ನ ಹೇಳಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸೋಕಾಗಲಿಲ್ಲ. ನನ್ನ ಕಬ್ಬನ್ನೂ ದೊರೆ ತಿಂದಿರಲಿಲ್ಲ ಅಂತ ಅದನ್ನೂ ಹೇಳಿಬಿಟ್ಟೆ.

ದೊಡ್ಡಿ ಕಾಯೋ ಕಾಳಿಮುತ್ತು ಅಣ್ಣ ಹೊಸ ಕಬ್ಬು ಮುರಿದು ಮುತ್ತುಮಾರಿ ಕೈಗೆ ಕೊಟ್ಟ. ದೊರೆ ದೂರದಿಂದಲೇ ಓಡಿ ಬಂತು. ಕರಕರ ಅಂತ ಬುಡದ ತನಕ ತಿಂದು ಅವಳ ಒದ್ದೆ ಕೈಯನ್ನೂ ನೆಕ್ಕಿತು. ಮಾವ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, ಬೇಜಾರಿನಿಂದಲೇ, “ನೀನೇ ಹೇಳಿದ ಮೇಲೆ ಇನ್ನೇನಮ್ಮಾ, ನೀನೂ ಹಿಡಿ” ಅಂದರು.

ಹಿಡಿದೆ. ಈ ಸಲ ಕಣ್ಣು ಮುಚ್ಚಲಿಲ್ಲ. ದೊರೆ ನನ್ನ ಕಬ್ಬು ಮೂಸಿತು, ನನ್ನ ಮುಖ ನೋಡಿತು, ನಿಧಾನವಾಗಿ ತಿರುಗಿ ಹಸುಗಳ ಕಡೆ ಹೋಯ್ತು. ಇನ್ನೊಂದು ಸಲ ಹಿಡೀಲಾ ಅಂತ ಕೇಳೋ ಧೈರ್ಯವೂ ಬರಲಿಲ್ಲ. ತಪ್ಪೇನಿದೆ, ನನಗೆ ಸಿಗಬೇಕಾದ್ದೇ ಸಿಕ್ಕಿತ್ತು. ಬಟ್ಟೆ ಗಂಟು ಕಟ್ಟೋದೊಂದೇ ಬಾಕಿ ಅಂದ್ಕೊಂಡೆ.

ಆಗ ಯಾರೋ ಕಬ್ಬನ್ನ ಜಗ್ಗಿದಂತಾಯ್ತು. ಮುತ್ತುಮಾರಿ ಬಗ್ಗಿ, ನನ್ನ ಕೈಯಲ್ಲಿದ್ದ ಹಾಗೇ, ತುದಿಯನ್ನ ಕಟಕ್ ಅಂತ ಕಚ್ಚಿದಳು. ಎಲ್ಲರೂ ನೋಡ್ತಿದ್ದರು. ಹಸು ಅಡ್ಡ ಇರಲಿಲ್ಲ, ಏನೂ ಅಡ್ಡ ಇರಲಿಲ್ಲ. ಅಗಿದು ಸಿಪ್ಪೆ ಉಗುಳಿ ಕಬ್ಬನ್ನ ಎತ್ತಿ ತೋರಿಸಿದಳು.

“ತಿಂದಾತು” ಅಂದಳು. “ನಮ್ಮವಳೇ.”

ಕುರ್ಚಿ ಮೇಲಿದ್ದ ಅವ್ವ ಬೊಚ್ಚು ಬಾಯಿ ತೆರೆದು ನಕ್ಕಳು. ಪಾಂಡಿಯರಾಜನ್ ಮಾವ ಕಾಳಿಮುತ್ತುವಿನ ಮುಖ ನೋಡಿದರು. ಕಾಳಿಮುತ್ತು ಅಣ್ಣ ತಲೆ ಕೆರೆದುಕೊಂಡು, “ಹೂಂ ಮಾವಾ, ದೊರೆ ತಿಂದಿದ್ದನ್ನ ನಾನೂ ನೋಡಿದೆ” ಅಂದ. ಅವನ ಹಿಂದಿದ್ದವರು ಒಬ್ಬೊಬ್ಬರಾಗಿ ತಾವೂ ನೋಡಿದೆವು ಅಂದರು.

ನನಗೆ ತಲೆ ಎತ್ತೋಕಾಗಲಿಲ್ಲ. ಕೈಯಲ್ಲಿದ್ದ ಕಬ್ಬನ್ನೇ ನೋಡ್ತಾ ನಿಂತಿದ್ದೆ. ಅದರ ತುದಿಯಲ್ಲಿ ಅವಳ ಹಲ್ಲಿನ ಗುರುತು ಇನ್ನೂ ಒದ್ದೆಯಾಗಿತ್ತು.