ಬಿಳಿ ಕೂದಲಿನ ಚೌರಿ

ಮದುವೆಗೆ ಎಂಟು ದಿನ ಉಳಿದಿತ್ತು. ಮದುಮಗಳು ನ್ವೇಯ ತಲೆಯಲ್ಲಿ ತುರುಬಿಗೆ ಸಾಲುವಷ್ಟು ಕೂದಲಿರಲಿಲ್ಲ. ಬೌದ್ಧ ವಿಹಾರದವರು ಮಾರಿ ಆ ಹಣದಲ್ಲಿ ರಸ್ತೆ ರಿಪೇರಿ ಮಾಡಿಸಲೆಂದು ಹೋದ ವರ್ಷ ಇದ್ದ ಜಡೆಯನ್ನೇ ಕತ್ತರಿಸಿ ದಾನ ಕೊಟ್ಟಿದ್ದಳು. ಆದರೆ ಬರ್ಮಾದ ಆ ಊರು ಪಕೊಕ್ಕುವಿನಲ್ಲಿ ತುರುಬಿಲ್ಲದ ಮದುಮಗಳನ್ನು ಯಾರೂ ಕಂಡಿಲ್ಲ. ಹಾಗಾಗಿ ಅಜ್ಜಿ ಸೇನ್ ಮ್ಯಾ ಅಟ್ಟದಿಂದ ಡಬ್ಬಿ ಇಳಿಸಿದಳು. ಬಾಚಣಿಗೆಗೆ ಬಂದ ತನ್ನ ಕೂದಲನ್ನು ಮೂವತ್ತು ವರ್ಷದಿಂದ ಉಂಡೆ ಸುತ್ತಿ ಅದರಲ್ಲಿ ತುಂಬಿಟ್ಟಿದ್ದಳು. ಇಬ್ಬರೂ ಚೌರಿ ಕಟ್ಟಲು ಕೂತರು.

ಮಧ್ಯಾಹ್ನ ನೋಡಿದರೆ, ನ್ವೇ ಕಟ್ಟಿದ್ದೆಲ್ಲ ಬಾಚಿದಷ್ಟೂ ಸಿಕ್ಕಾಗುತ್ತಿತ್ತು.

“ಬುಡ ಯಾವ್ದು, ತುದಿ ಯಾವ್ದು ಅಂತ ನೋಡ್ದೆ ಸೇರ್ಸಿದ್ದೀಯ. ಬಿಚ್ಚು,” ಎಂದಳು ಅಜ್ಜಿ.

“ಎಲ್ಲಾನೂ?”

“ಮತ್ತೆ ಅರ್ಧ ಬಿಚ್ತಾರಾ? ಎಳೆನ ಬೆರಳಲ್ಲಿ ಉಜ್ಜು. ಅದು ಬುಡದ ಕಡೆಗೇ ಸರಿಯುತ್ತೆ.”

ಒಂದೊಂದೇ ಎಳೆ ಉಜ್ಜಿ ನೋಡಿ ತಿರುಗಿಸುವಷ್ಟರಲ್ಲಿ ನ್ವೇಗೆ ಕುತ್ತಿಗೆ ಹಿಡಿದುಕೊಂಡಿತು. ಆರನೆಯ ದಿನ ಕರೀ ಚೌರಿ ಒಂದು ಸಿಕ್ಕೂ ಇಲ್ಲದೆ ಇಳಿಬಿದ್ದಿತು. ಅಷ್ಟು ದಿನವೂ ಅಜ್ಜಿ ಬಿಳಿ ಎಳೆಗಳನ್ನು ಬೇರೆ ತೆಗೆದಿಡುತ್ತಿದ್ದಳು. ಈಗ ಅವನ್ನೂ ಬುಡ ನೋಡಿ ಜೋಡಿಸಿ ದಾರ ಸುತ್ತತೊಡಗಿದಳು.

“ಅದನ್ಯಾಕಜ್ಜಿ ಕಟ್ತಾ ಕೂತಿದ್ದೀಯ? ಬಿಸಾಕು.”

“ನಿಂಗೆ ಎಪ್ಪತ್ತಾದಾಗ ಕರೀ ಚೌರಿ ಇಟ್ಕೊಂಡು ತಿರುಗಿದ್ರೆ ಊರೆಲ್ಲಾ ನಗುತ್ತೆ,” ಎಂದ ಅಜ್ಜಿ, ಹಲ್ಲಲ್ಲಿ ದಾರ ಕಡಿದು ಆ ಕಟ್ಟನ್ನು ಮೊಮ್ಮಗಳ ಮಡಿಲಿಗೆ ಹಾಕಿದಳು. “ಆಗ ನಾನೇನು ಎದ್ದು ಬಂದು ಕಟ್ಟಿಕೊಡ್ತೀನಾ?”